ಕೊಡಗಿನಲ್ಲಿ ಮೊದಲ ಬೈಕ್: ಕೊಳ್ಳುವ ಮೊದಲು ಏರಿನಲ್ಲಿ ನಿಲ್ಲಿಸಿ ನೋಡಿ

[ದೃಶ್ಯ: ಖಾಲಿ ಕಾಫಿ ಕಣ. ಬೆಳಗಿನ ಮಂಜು ಇನ್ನೂ ಪೂರ್ತಿ ಬಿಟ್ಟಿಲ್ಲ. ಬೈಕ್ ಪಕ್ಕ ನಿಂತು ಮಾತು.]

ನಮಸ್ಕಾರ. ನಾನು ಬೈಕ್ ಕಲಿತದ್ದು ಇದೇ ಕಣದಲ್ಲಿ. ಡಿಸೆಂಬರ್ ಬಂತು ಅಂದರೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಕಣದ ತುಂಬಾ ಕಾಫಿ. ಮಾರ್ಚ್ ಕೊನೆಗೆ ಖಾಲಿಯಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದುಕೊಳ್ಳುತ್ತದೆ. ನಡುವೆ ಸಿಗುವ ಎರಡು ತಿಂಗಳಿದೆಯಲ್ಲ, ನಮ್ಮ ಕಡೆ ಬೈಕ್ ಕಲಿಯೋಕೆ ಅದಕ್ಕಿಂತ ಒಳ್ಳೆ ಸಮಯ ಇಲ್ಲ.

ಹಾಗಾಗಿ ಮಾರ್ಚ್‌ನಲ್ಲೇ ಎಲ್‌ಎಲ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಿಬಿಡಿ. ಪರಿವಾಹನ್ ವೆಬ್‌ಸೈಟಿನಲ್ಲಿ ಆಗುತ್ತದೆ. ಗೇರ್ ಬೈಕಿಗೆ 18 ವರ್ಷ ತುಂಬಿರಬೇಕು. ಎಲ್‌ಎಲ್ ಸಿಕ್ಕಿ 30 ದಿನ ಆದ ಮೇಲೆ ಡಿಎಲ್ (ಪೂರ್ತಿ ಲೈಸೆನ್ಸ್) ಟೆಸ್ಟ್ ಕೊಡಬಹುದು, ಎಲ್‌ಎಲ್ ಸಿಕ್ಕಿದ ದಿನದಿಂದ ಆರು ತಿಂಗಳು ಟೈಮ್ ಇರುತ್ತದೆ. ಅಲ್ಲಿವರೆಗೆ ಹಿಂದೆ ಮುಂದೆ ಎಲ್ ಬೋರ್ಡ್. ಕಲಿಸುವವರನ್ನು ಬಿಟ್ಟು ಇನ್ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಈಗ ಬೈಕ್ ವಿಷಯ. ಎಲ್ಲರೂ ಮೊದಲು ಕೇಳುವುದು ಸಿಸಿ ಎಷ್ಟು, ಮೈಲೇಜ್ ಎಷ್ಟು ಅಂತ. ನಾನು ಕೇಳುವುದು ಒಂದೇ: ನಿಮ್ಮ ಮನೆ ದಾರಿ ಹೇಗಿದೆ? ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿ ಹೋದರೂ ಗೇಟು ದಾಟಿದ ಕೂಡಲೇ ಒಂದು ಏರು ಇದ್ದೇ ಇರುತ್ತದೆ, ಅಲ್ವಾ? ಕ್ಲಾಸಿಕ್ 350 ಸುಮಾರು 195 ಕೆಜಿ ತೂಗುತ್ತದೆ. ಸ್ಪ್ಲೆಂಡರ್ ಪ್ಲಸ್ ಸುಮಾರು 112. ವ್ಯತ್ಯಾಸ ಎಷ್ಟು ಗೊತ್ತಾ? ಸುಮಾರು 83 ಕೆಜಿ, ಒಂದೂವರೆ ಮೂಟೆ ಕಾಫಿಗಿಂತ ಜಾಸ್ತಿ. ಅಷ್ಟನ್ನು ಏರಿನಲ್ಲಿ, ಮಳೆಯಲ್ಲಿ, ಒಂದೇ ಕಾಲಿನ ಮೇಲೆ ಹಿಡಿದು ನಿಲ್ಲಿಸುವವರು ನೀವು.

ಕೊಳ್ಳುವ ಮೊದಲು ಪರಿಚಯದವರ ಹತ್ತಿರ ಅಂಥದ್ದೇ ಬೈಕ್ ಕೇಳಿ. ನಿಮ್ಮ ಏರಿನಲ್ಲಿ ನಿಲ್ಲಿಸಿ, ಹತ್ತಿ ಕೂತು ನೋಡಿ. ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಬೇಕು. ಇಳಿದು ಎರಡು ಮಾರು ಹಿಂದಕ್ಕೆ ತಳ್ಳಿ, ಮತ್ತೆ ಮೇಲಕ್ಕೆ ತನ್ನಿ. ಆಗಲಿಲ್ಲವಾ? ಆ ಬೈಕ್ ಎರಡನೆಯದಾಗಿ ಬರಲಿ, ಆಸೆ ಎಲ್ಲಿಗೂ ಹೋಗುವುದಿಲ್ಲ.

[ದೃಶ್ಯ: ಕ್ಲಚ್ ಲಿವರ್ ತೀರಾ ಹತ್ತಿರದಿಂದ. ತುದಿ ಬಾಗಿದೆ.]

ಇದು ನೋಡಿ. ನನ್ನ ಕ್ಲಚ್ ಲಿವರ್. ಕಣದಲ್ಲಿ ಒಂದು ವಾರ ಚೆನ್ನಾಗಿ ಓಡಿಸಿ, ಎಂಟನೇ ದಿನ ಗೇಟಿನ ಏರಿಗೆ ಹೋದೆ. ನಡುವೆ ಇಂಜಿನ್ ಆಫ್ ಆಯ್ತು. ಗಾಬರಿಯಲ್ಲಿ ಎರಡೂ ಕಾಲು ನೆಲಕ್ಕೆ ಊರಿ, ಕ್ಲಚ್ ಹಿಡಿದುಬಿಟ್ಟೆ. ಬೈಕ್ ಹಿಂದಕ್ಕೆ ಜಾರಿ ಎಡಕ್ಕೆ ಮಲಗಿತು. ನನಗೆ ಏನೂ ಆಗಲಿಲ್ಲ. ಆದರೆ ಅವತ್ತು ನನಗೆ ಯಾರೂ ಹೇಳಿಕೊಡದೇ ಇದ್ದದ್ದನ್ನು ಇವತ್ತು ನಿಮಗೆ ನಿಧಾನವಾಗಿ ತೋರಿಸುತ್ತೇನೆ.

[ದೃಶ್ಯ: ಗೇಟಿನ ಏರು. ಕ್ಯಾಮೆರಾ ಬಲಗಾಲಿನ ಮೇಲೆ.]

ಏರಿನಲ್ಲಿ ನಿಂತಾಗ ನೆಲಕ್ಕೆ ಎಡಗಾಲು ಮಾತ್ರ. ಬಲಗಾಲು ಹಿಂದಿನ ಬ್ರೇಕ್ ಮೇಲೆ, ಅದನ್ನು ತೆಗೆಯಲೇಬಾರದು. ಕ್ಲಚ್ ಹಿಡಿದು ಫಸ್ಟ್ ಗೇರ್. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಹಾಗೇ ಹಿಡಿದುಕೊಳ್ಳಿ. ಈಗ ಕ್ಲಚ್ಚನ್ನು ಚೂರು ಚೂರೇ ಬಿಡಿ. ಕೇಳಿಸಿಕೊಳ್ಳಿ... ಇಂಜಿನ್ ಸದ್ದು ದಪ್ಪಗಾಯ್ತು. ಬೈಕ್ ಮುಂದೆ ಹೋಗಲು ಎಳೆಯುತ್ತಿದೆ, ಬ್ರೇಕ್ ಹಿಡಿದಿದೆ. ಇದೇ ಹಾಫ್ ಕ್ಲಚ್. ಇಲ್ಲಿ ಕೈ ನಿಲ್ಲಿಸಿ. ಈಗ ಬ್ರೇಕ್ ಮೆಲ್ಲಗೆ ಬಿಡಿ. ನೋಡಿ, ಒಂದು ಇಂಚೂ ಹಿಂದೆ ಹೋಗಲಿಲ್ಲ.

ದಿನಕ್ಕೆ ಇಪ್ಪತ್ತು ಸಲ ಮಾಡಿ. ನಡುನಡುವೆ ಇಂಜಿನ್ ತಣ್ಣಗಾಗಲು ಬಿಡಿ, ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬಂದರೆ ಅವತ್ತಿಗೆ ಸಾಕು.

ನಿಲ್ಲಿಸುವಾಗಲೂ ಅಷ್ಟೇ. ಬೈಕ್ ಮುಖ ಏರಿನ ಕಡೆಗೆ ಇರಲಿ, ಫಸ್ಟ್ ಗೇರ್ ಹಾಕಿಡಿ. ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಸೈಡ್ ಸ್ಟ್ಯಾಂಡ್ ಮಡಚಿಕೊಂಡು ಬೀಳುತ್ತದೆ.

ಇಳಿಯುವ ವಿಷಯಕ್ಕೆ ಬಂದರೆ ನನಗೆ ನಿಜವಾಗಿ ಭಯ ಆಗುವುದು ಒಂದು ಅಭ್ಯಾಸ ಕಂಡರೆ. ಸಂಪಾಜೆ ಘಾಟಿಯಲ್ಲಿ ನ್ಯೂಟ್ರಲ್ ಹಾಕಿಕೊಂಡು ಇಳಿಯುವುದು. ಪೆಟ್ರೋಲ್ ಉಳಿಯುತ್ತೆ ಅಂತಾರೆ. ಈಗಿನ ಫ್ಯೂಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಗೇರಿನಲ್ಲಿ ಇದ್ದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ಇಂಜಿನ್‌ಗೆ ಹೋಗುವ ಪೆಟ್ರೋಲ್ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಇಂಜಿನ್ ಹಿಡಿತವೂ ಇಲ್ಲ. ಭಾರವೆಲ್ಲ ಬ್ರೇಕ್ ಮೇಲೆ ಬಿದ್ದು, ಬ್ರೇಕ್ ಬಿಸಿಯಾಗಿ ಹಿಡಿಯುವುದೇ ಕಮ್ಮಿಯಾಗುತ್ತದೆ. ಏರುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್. ಸಣ್ಣ ದಾರಿಯಲ್ಲಿ ಎದುರು ಬಸ್ ಏರುತ್ತಿದ್ದರೆ, ಇಳಿಯುವವರು ನಾವು ನಿಂತು ಜಾಗ ಬಿಡಬೇಕು. ನಿಯಮವೂ ಅದೇ.

[ದೃಶ್ಯ: ಮಳೆ ನಿಂತ ರಸ್ತೆ. ಅಂಚಿನಲ್ಲಿ ಪಾಚಿ, ಒದ್ದೆ ಎಲೆಗಳು.]

ಮಳೆಗಾಲದಲ್ಲಿ ರಸ್ತೆ ಅಂಚು ನಂಬಬೇಡಿ. ಪಾಚಿ ಇರುತ್ತದೆ. ಸಿಲ್ವರ್ ಓಕ್ ಎಲೆ ಒದ್ದೆಯಾಗಿ ಅಂಟಿಕೊಂಡಿರುತ್ತದೆ. ತೋಟದ ಗೇಟಿನ ಮುಂದೆ ಟ್ರ್ಯಾಕ್ಟರ್ ಚಕ್ರದ ಕೆಸರು. ತಿರುವಿನ ಒಳಗೆ ಹೋಗಿ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ, ಬೈಕ್ ನೆಟ್ಟಗಿರುವಾಗಲೇ, ಎರಡೂ ಬ್ರೇಕ್ ಸೇರಿಸಿ ವೇಗ ಇಳಿಸಿ. ತಿತಿಮತಿ ಕಡೆ ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಬೇಡ, ಫೋಟೋ ಬೇಡ. ತಿರುಗಿಸಿಕೊಂಡು ಬನ್ನಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೆ ಬೇಗ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್, ಇಂಜಿನ್ ನಂಬರ್ ಬೈಕಿನ ಮೇಲಿರುವುದಕ್ಕೆ ತಾಳೆ ಆಗಬೇಕು. ಸಾಲ ಇದ್ದರೆ ತೀರಿದ ಪತ್ರ ಕೇಳಿ. ಬೇರೆ ಜಿಲ್ಲೆ ಗಾಡಿಯಾದರೆ ಅಲ್ಲಿನ ಆರ್‌ಟಿಓ ಕೊಡುವ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಬೇಕಾಗಬಹುದು, ಮೊದಲೇ ವಿಚಾರಿಸಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್, ಅಂದರೆ ಬ್ರೇಕ್ ಜೋರಾಗಿ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ನಮ್ಮ ಮಳೆಗೆ ಅದು ಇದ್ದರೆ ಒಳ್ಳೆಯದು, ಅದಕ್ಕಿಂತ ಹಳೆಯದು ನೋಡುವಾಗ ಕೇಳಿಕೊಳ್ಳಿ. ಹೆಲ್ಮೆಟ್‌ಗೆ ದುಡ್ಡು ತೆಗೆದಿಟ್ಟೇ ಬೈಕ್ ಬಜೆಟ್ ಮಾಡಿ, ಐಎಸ್‌ಐ ಗುರುತಿನದ್ದು, ಹಿಂದೆ ಕೂರುವವರಿಗೂ ಒಂದು.

ಮೊದಲ ಸಲ ರಸ್ತೆಗೆ ಇಳಿಯಲು ಕುಶಾಲನಗರದಿಂದ ಕೂಡಿಗೆ, ಹೆಬ್ಬಾಲೆ ಕಡೆ ಹೋಗಿ. ಅಲ್ಲಿ ಏರಿಳಿತ ಕಮ್ಮಿ. ಭಾನುವಾರ ಬೆಳಿಗ್ಗೆ ಬೇಗ ಹೊರಡಿ. ಅದು ಸಲೀಸಾದ ಮೇಲೆ ಸುಂಟಿಕೊಪ್ಪ ದಾಟಿ ಮಡಿಕೇರಿಗೆ ಏರಿ.

[ದೃಶ್ಯ: ಗೇಟಿನ ಏರು. ಬೈಕ್ ನಿಲ್ಲುತ್ತದೆ, ಎಡಗಾಲು ನೆಲಕ್ಕೆ. ಒಂದು ಕ್ಷಣ. ಮತ್ತೆ ಮೇಲಕ್ಕೆ ಹೊರಡುತ್ತದೆ.]