ನೆಂಟರಿಗೆ ಮುಂಬಯಿ ತೋರಿಸುವುದು

ಎಲ್ಲರಿಗೂ ನಮಸ್ಕಾರ.

ಏಪ್ರಿಲ್ ಮುಗಿಯುತ್ತಿದ್ದಂತೆ ನಮ್ಮ ಮಾಟುಂಗ, ಡೊಂಬಿವಲಿಯ ಮನೆಗಳಿಗೆ ಊರಿನಿಂದ ಫೋನು ಬರುತ್ತದೆ: 'ಮಕ್ಕಳಿಗೆ ರಜೆ, ಬರ್ತಾ ಇದ್ದೇವೆ, ಮುಂಬಯಿ ತೋರಿಸಿ.' ನಾವು ಏನು ಮಾಡುತ್ತೇವೆ? ಒಂದು ದಿನಕ್ಕೆ ಟ್ಯಾಕ್ಸಿ ಹಿಡಿದು ಸಿದ್ಧಿವಿನಾಯಕ, ಹಾಜಿ ಅಲಿ, ಹ್ಯಾಂಗಿಂಗ್ ಗಾರ್ಡನ್, ಜುಹು ಎಲ್ಲವನ್ನೂ ಸುತ್ತಿಸುತ್ತೇವೆ. ಜೊತೆಗೆ ಯಾವುದಾದರೂ ನಟನ ಮನೆಯ ಗೇಟು. ಊರಿಗೆ ಹೋದ ಮೇಲೆ ಅವರು ಹೇಳುವುದು ಟ್ರಾಫಿಕ್ ಕಥೆ. ಹತ್ತು ಜಾಗ ಬೇಡ, ಎರಡು ಸಾಕು ಅಂತ ಹೇಳುವುದಕ್ಕೇ ನಾನು ಇವತ್ತು ನಿಂತಿದ್ದೇನೆ.

ಮೊದಲು ಲೋಕಲ್ ಹತ್ತಿಸಿ, ಆದರೆ ಬೆಳಗಿನ ಒಂಬತ್ತು ಗಂಟೆಗೆ ಮಾತ್ರ ಬೇಡ. ದೇಶದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿಬಂದರಿನಿಂದ ಠಾಣೆಗೆ ಓಡಿದ್ದು ಇದೇ ದಾರಿಯಲ್ಲಿ. ನಾವು ಇನ್ನೂ ಸಿಎಸ್‌ಟಿ ಅನ್ನುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ಇಳಿದರೆ ಹೊರಗೆ ಬಂದು ಹತ್ತು ನಿಮಿಷ ತಿರುಗಿ ನೋಡಿ. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ ಕೂತಿವೆ. ಸಿಂಹ ಬ್ರಿಟನ್, ಹುಲಿ ನಾವು. ಮೂವತ್ತು ವರ್ಷ ಆ ಗೇಟಿನ ಮುಂದೆ ಓಡಾಡಿಯೂ ನಾನು ಅದನ್ನು ನೋಡಿರಲಿಲ್ಲ. ತೋರಿಸಿದ್ದು ಊರಿನಿಂದ ಬಂದ ಒಂಬತ್ತು ವರ್ಷದ ಹುಡುಗಿ.

ಗೇಟ್‌ವೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಮುಗಿದದ್ದು 1924ರಲ್ಲಿ. 1948ರಲ್ಲಿ ಬ್ರಿಟಿಷರ ಕೊನೆಯ ಪಡೆ ಅದೇ ಕಮಾನಿನಡಿ ದಾಟಿ ಹಡಗು ಹತ್ತಿತು. ಫೋಟೋ ತೆಗೆಸಿಕೊಂಡು ಹಿಂದೆ ಹೋಗಿ, ದೋಣಿ ಹತ್ತಿ. ನಿಜವಾಗಿ ನೋಡಬೇಕಾದದ್ದು ಒಂದು ಗಂಟೆ ಆಚೆ ಇದೆ: ಘಾರಾಪುರಿ, ಅಂದರೆ ಎಲಿಫೆಂಟಾ.

ನಮ್ಮ ದೊಡ್ಡಪ್ಪ ಬಾಗಲಕೋಟೆ ಕಡೆಯವರು. 'ಶಿವನ ಗವಿಗೆ ಶಿವನ ವಾರನೇ ಹೋಗೂಣು' ಅಂತ ಹಟ ಹಿಡಿದರು. ನಾನೂ ವಿಚಾರಿಸದೆ ಕರೆದುಕೊಂಡು ಹೋದೆ. ಗುಹೆಗಳಿಗೆ ಸೋಮವಾರ ರಜೆ! ದಂಡೆಯಲ್ಲಿ ನಿಂತು ದೊಡ್ಡಪ್ಪ ಕೇಳಿದರು, 'ಏನಪಾ, ಸೋಮವಾರ ಶಿವಗ ಸೂಟಿ ಏನು?' ಅವತ್ತು ಮಾಟುಂಗಕ್ಕೆ ವಾಪಸು ಬಂದು ಬಾಳೆ ಎಲೆ ಊಟ ಮಾಡಿ ಸಮಾಧಾನ ಮಾಡಿಕೊಂಡೆವು. ಸಾರು ಚೆನ್ನಾಗಿತ್ತು, ಅದನ್ನೂ ಹೇಳಬೇಕು.

ಮರುದಿನ ಹೋದೆವು. ನೂರಿಪ್ಪತ್ತು ಮೆಟ್ಟಿಲು, ಎರಡೂ ಕಡೆ ಅಂಗಡಿ, ಕೈಯಲ್ಲಿದ್ದ ಚೀಲಕ್ಕೆ ಕೈ ಹಾಕುವ ಮಂಗಗಳು. ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಳ್ಳಲಿ ಅಂತ ಸ್ವಲ್ಪ ನಿಂತೆವು. ಆಮೇಲೆ ಹಿಂಗೋಡೆಯಿಂದ ಸುಮಾರು ಇಪ್ಪತ್ತು ಅಡಿಯ ಸದಾಶಿವ ನಿಧಾನವಾಗಿ ಮೂಡಿ ಬಂದ. ಬ್ರಹ್ಮ, ವಿಷ್ಣು, ಮಹೇಶ್ವರ ಅಂತ ಹೇಳಿಬಿಡುವವರು ಬಹಳ. ಹಾಗಲ್ಲ, ಮೂರೂ ಶಿವನ ಮುಖಗಳೇ. ನಮ್ಮ ಎಡಕ್ಕೆ ಇರುವುದು ಮೀಸೆ ಹೊತ್ತ ಅಘೋರ, ಅವನ ಕೈಯಲ್ಲಿ ಹಾವು. ಬಲಕ್ಕೆ ಹೆಣ್ಣಿನ ಕಳೆಯ ಮುಖ, ಕೈಯಲ್ಲಿ ಹೂವು. ನಡುವಿನದು ಯಾವುದಕ್ಕೂ ಸಂಬಂಧವಿಲ್ಲದಂತೆ ಕಣ್ಣು ಮುಚ್ಚಿದೆ. ಕೆಳತುಟಿ ದಪ್ಪ, ಈಗಷ್ಟೇ ಏನೋ ಹೇಳಿ ನಿಲ್ಲಿಸಿದ ಹಾಗೆ. ದೊಡ್ಡಪ್ಪ ಕಂಬಕ್ಕೆ ಒರಗಿ ಕೂತವರು ಅರ್ಧ ಗಂಟೆ ಏಳಲಿಲ್ಲ.

ಅವರಿಗೆ ನಾನು ಐಹೊಳೆಯ ಮಾತು ತೆಗೆದೆ. ಮೇಗುತಿ ಬಸದಿಯ ಗೋಡೆಯಲ್ಲಿ ಕ್ರಿ.ಶ. 634ರ ಶಾಸನ ಇದೆಯಲ್ಲ, ರವಿಕೀರ್ತಿ ಬರೆದದ್ದು? ಅದರಲ್ಲಿ ಇಮ್ಮಡಿ ಪುಲಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, 'ಪಶ್ಚಿಮ ಸಮುದ್ರದ ಲಕ್ಷ್ಮಿ' ಎನಿಸಿದ್ದ ಪುರಿಯನ್ನು ಮದ್ದಾನೆಗಳ ಸಾಲಿನಂಥ ನೂರಾರು ಹಡಗುಗಳಿಂದ ಮುತ್ತಿದ ಅಂತಿದೆ. ಆ ಪುರಿ ಈ ಘಾರಾಪುರಿಯೇ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ, ಬೇರೆ ಊರು ತೋರಿಸುವವರೂ ಇದ್ದಾರೆ. ದೊಡ್ಡಪ್ಪ ಮೇಗುತಿ ಗುಡ್ಡವನ್ನು ಚಿಕ್ಕಂದಿನಿಂದ ಹತ್ತಿ ಇಳಿದವರು. ವಾಪಸು ಬರುವಾಗ ದೋಣಿಯ ಮೇಲಂತಸ್ತಿನಲ್ಲಿ ಕೂತು ಬಂದರಿನ ಹಡಗುಗಳನ್ನು ಎಣಿಸುತ್ತಲೇ ಬಂದರು.

ಎಲಿಫೆಂಟಾ ಎಂಬ ಹೆಸರು ಪೋರ್ಚುಗೀಸರದು. ದ್ವೀಪದಲ್ಲಿದ್ದ ಕಲ್ಲಾನೆಯನ್ನು ನೋಡಿ ಇಟ್ಟದ್ದು. ಅದನ್ನು ಇಂಗ್ಲೆಂಡಿಗೆ ಸಾಗಿಸಲು 1864ರಲ್ಲಿ ಎತ್ತಹೋಗಿ ಮುರಿದರು. ತುಂಡು ಜೋಡಿಸಿದ ಆ ಆನೆ ಈಗ ಭಾಯಖಳೆಯ ರಾಣಿಬಾಗ್‌ನಲ್ಲಿ ನಿಂತಿದೆ. ಪ್ರಾಣಿಗಳನ್ನು ನೋಡಲು ಬಂದ ಮಕ್ಕಳು ಅದನ್ನು ಕಣ್ಣೆತ್ತಿಯೂ ನೋಡದೆ ಪೆಂಗ್ವಿನ್ ಕಡೆಗೆ ಓಡುತ್ತಾರೆ.

ಎರಡನೆಯದು ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು, ಮಳೆನೀರು ಹಿಡಿಯಲು ಬಂಡೆಯಲ್ಲೇ ಕೊರೆದ ತೊಟ್ಟಿಗಳು. ಅಲ್ಲಿನ 9ನೇ ಶತಮಾನದ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ. ಯಾವ ಅಮೋಘವರ್ಷ? ನಮ್ಮ ನೃಪತುಂಗನೇ! ಅವನ ಸಾಮಂತರಾಗಿದ್ದ ಶಿಲಾಹಾರರ ಕಾಲದಲ್ಲಿ ಅಲ್ಲಿನ ಭಿಕ್ಷುಗಳಿಗೆ ಕೊಟ್ಟ ದಾನದ ಲೆಕ್ಕ ಅದು. 'ಕಾವೇರಿಯಿಂದಮಾ ಗೋದಾವರಿ' ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ ನಾವು ಬೊರಿವಲಿ ಸ್ಟೇಷನ್‌ನಲ್ಲಿ ದಿನಾ ಇಳಿಯುತ್ತೇವೆ.

ಮಳೆಗಾಲದಲ್ಲಿ ದೋಣಿಯನ್ನು ನೆಚ್ಚಬೇಡಿ, ಕಾನ್ಹೇರಿಗೆ ಹೋಗಿ. ತೊರೆ ತುಂಬಿ, ಬಂಡೆ ಹಸಿರಾಗಿರುತ್ತದೆ. ಚಪ್ಪಲಿ ಜಾರುತ್ತದೆ, ಜೋಪಾನ.

ದೊಡ್ಡಪ್ಪ ಅಲ್ಲಿಗೆ ಇನ್ನೂ ಹೋಗಿಲ್ಲ, ಡಿಸೆಂಬರಿಗೆ ಬರುತ್ತಾರಂತೆ. ಫೋನಿನಲ್ಲಿ ಮೊದಲು ಕೇಳಿದ್ದು, 'ಅಲ್ಲೆ ಯಾವತ್ತು ಸೂಟಿ?' ಅಲ್ಲೂ ಸೋಮವಾರವೇ.