ಅಲೆ ಬಂದ ದಿನಾಂಕ ಯಾವುದು?

ಕೇಳುಗರಿಗೆಲ್ಲ ನಮಸ್ಕಾರ.

ಕಾರವಾರ ಎಲ್ಲಿದೆ? ಒಮ್ಮೆ ನನ್ನ ಕಂಪ್ಯೂಟರು ಇದಕ್ಕೆ ಕೊಟ್ಟ ಉತ್ತರ: ನಾರ್ವೆ ದೇಶಕ್ಕೂ ಉತ್ತರಕ್ಕೆ, ಮೈ ಕೊರೆಯುವ ಚಳಿಯ ನಡುಗಡಲಿನಲ್ಲಿ. ಅದರ ತಪ್ಪೇನಿಲ್ಲ ಬಿಡಿ. ಕಾರವಾರದ ಅಕ್ಷಾಂಶ 14.8, ರೇಖಾಂಶ 74.1. ನಾನು ಎರಡನ್ನೂ ಅದಲುಬದಲು ಮಾಡಿ ಕೊಟ್ಟಿದ್ದೆ. ನಮಗೆ ಶಾಲೆಯಿಂದಲೂ ಅಕ್ಷಾಂಶ ಮೊದಲು, ರೇಖಾಂಶ ಆಮೇಲೆ ಎಂದೇ ಬಾಯಿಗೆ ಬಂದಿರುತ್ತದೆ. ನಕ್ಷೆಯ ಸಾಫ್ಟ್‌ವೇರ್ ಮೊದಲು ಎಕ್ಸ್ ಕೇಳುತ್ತದೆ, ಆಮೇಲೆ ವೈ. ಎಕ್ಸ್ ಎಂದರೆ ರೇಖಾಂಶ. ಅಷ್ಟೇ, ಊರು ಹಿಮಸಾಗರದ ಪಾಲು!

ಹಳೆಯ ಸುನಾಮಿಗಳ ದಾಖಲೆಯನ್ನು ನಕ್ಷೆಗೆ ಇಳಿಸುವ ಮುಂಚಿನ ಕೆಲಸದ ಬಗ್ಗೆ ಇವತ್ತು ಮಾತಾಡೋಣ ಎಂದುಕೊಂಡಿದ್ದೇನೆ. ಮದುವೆ ಊಟ ಒಂದು ಗಂಟೆಯಲ್ಲಿ ಮುಗಿಯುತ್ತದೆ, ಹಿಂದಿನ ರಾತ್ರಿ ತರಕಾರಿ ಹೆಚ್ಚುವುದು ಮಾತ್ರ ಮುಗಿಯುವುದಿಲ್ಲ. ಇದೂ ಹಾಗೆಯೇ.

ಸಾಫ್ಟ್‌ವೇರಿಗೆ ಕಾಸು ಖರ್ಚಿಲ್ಲ. ಕ್ಯೂಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ 2002ರಲ್ಲಿ ಗ್ಯಾರಿ ಶೆರ್ಮನ್ ಶುರು ಮಾಡಿದ್ದು. ಇವತ್ತು ಜಗತ್ತಿನಾದ್ಯಂತ ಜನ ಸೇರಿ ಬೆಳೆಸುತ್ತಿದ್ದಾರೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ದಾಖಲೆಯೂ ಪುಕ್ಕಟೆ. ಸಾಗರ ಮತ್ತು ಹವೆಯ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನೋವಾ ಜಗತ್ತಿನ ಸುನಾಮಿಗಳ ಪಟ್ಟಿ ಇಟ್ಟುಕೊಂಡಿದೆ, ಕ್ರಿಸ್ತಪೂರ್ವ 2000ದಿಂದ ಇವತ್ತಿನವರೆಗೆ. ಅದರಲ್ಲಿ ಎರಡು ಕೋಷ್ಟಕ. ಒಂದರಲ್ಲಿ ಅಲೆ ಎಲ್ಲಿ ಹುಟ್ಟಿತು ಎಂಬುದು. ಇನ್ನೊಂದರಲ್ಲಿ ಯಾವ ಯಾವ ದಡಕ್ಕೆ ಬಂತು, ನೀರು ಎಷ್ಟು ಎತ್ತರಕ್ಕೆ ಏರಿತು ಎಂಬುದು. ಒಂದು ಅಲೆಗೆ ಒಂದು ತವರು, ನೂರಾರು ದಡ.

ಎರಡನ್ನೂ ಜೋಡಿಸುವಾಗ ಮೈಯೆಲ್ಲ ಕಣ್ಣಾಗಿರಬೇಕು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಸತ್ತವರು ಸುಮಾರು 2,27,000. ತವರಿನ ಕೋಷ್ಟಕದಲ್ಲಿ ಇದು ಒಂದೇ ಸಾಲು. ದಡಗಳ ಕೋಷ್ಟಕಕ್ಕೆ ಅಂಟಿಸಿದ ತಕ್ಷಣ ಅದೇ ಸಂಖ್ಯೆ ಪ್ರತಿ ದಡದ ಮುಂದೆಯೂ ಬಂದು ಕೂರುತ್ತದೆ. ಗೊತ್ತಾಗದೆ ಕೂಡಿಸಿದಿರೋ, ಸಾವಿನ ಲೆಕ್ಕ ಕೋಟಿ ದಾಟುತ್ತದೆ. ಸಾಫ್ಟ್‌ವೇರ್ ಒಂದು ಮಾತೂ ಆಡುವುದಿಲ್ಲ.

ಇನ್ನು ದಿನಾಂಕ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಇದೇ. ನಮ್ಮ ಅರಬ್ಬೀ ಸಮುದ್ರದ ದೊಡ್ಡ ಸುನಾಮಿ 1945ರದು, ಈಗಿನ ಪಾಕಿಸ್ತಾನದ ಮಕ್ರಾನ್ ಕರಾವಳಿಯದು. ಪಸ್ನಿ ಎಂಬ ಊರು ಹಾಳಾಯಿತು, ಮುಂಬೈವರೆಗೂ ಅಲೆ ಬಂತು. ಕೆಲವು ಬರಹಗಳಲ್ಲಿ ಅದು ನವೆಂಬರ್ 27, ಕೆಲವದರಲ್ಲಿ 28. ಯಾವುದು ಸರಿ? ಎರಡೂ ಸರಿ! ಗ್ರೀನಿಚ್ ಲೆಕ್ಕದಲ್ಲಿ ಭೂಮಿ ನಡುಗಿದ್ದು 27ರ ರಾತ್ರಿ 9 ಗಂಟೆ 56 ನಿಮಿಷಕ್ಕೆ. ಐದೂವರೆ ಗಂಟೆ ಕೂಡಿಸಿ: ನಮ್ಮಲ್ಲಿ 28ರ ಬೆಳಗಿನ ಜಾವ 3 ಗಂಟೆ 26 ನಿಮಿಷ. ಎರಡು ಪಟ್ಟಿಗಳನ್ನು ಕಣ್ಣುಮುಚ್ಚಿ ಸೇರಿಸಿದರೆ ಒಂದು ಸುನಾಮಿ ಎರಡಾಗುತ್ತದೆ. ಆದ್ದರಿಂದ ಎಲ್ಲವನ್ನೂ ಗ್ರೀನಿಚ್ ಸಮಯಕ್ಕೆ ತಂದು, ಸ್ಥಳೀಯ ದಿನಾಂಕವನ್ನು ಪಕ್ಕದ ಕಾಲಮ್ಮಿನಲ್ಲಿ ಉಳಿಸಿಕೊಳ್ಳುತ್ತೇನೆ. ಎಕ್ಸೆಲ್ಲಿನಲ್ಲಿ ಮಾತ್ರ ಈ ಕೆಲಸ ಬೇಡ. 1900ಕ್ಕಿಂತ ಹಿಂದಿನ ದಿನ ಅದಕ್ಕೆ ದಿನವೇ ಅಲ್ಲ. ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲೇ ಬಿಡುವುದು ಕ್ಷೇಮ.

ಫೈಲ್ ತೆರೆಯುವಾಗ ಅಂಕಿಗಳು ಅಂಕಿಗಳಾಗಿಯೇ ಬಂದವೇ ಎಂದೂ ನೋಡಿ. ಅಕ್ಷರವಾಗಿ ಬಂದರೆ ಕಂಪ್ಯೂಟರು ಮೊದಲ ಅಕ್ಷರವನ್ನೇ ಮೊದಲು ಹೋಲಿಸುತ್ತದೆ; ಎತ್ತರದ ಪ್ರಕಾರ ಜೋಡಿಸಿದಾಗ 9 ಮೀಟರಿನ ಅಲೆ 30 ಮೀಟರಿನ ಅಲೆಯನ್ನು ಹಿಂದಿಕ್ಕುತ್ತದೆ. ಮತ್ತೆ 1958ರಲ್ಲಿ ಅಲಾಸ್ಕಾದ ಲಿಟುಯಾ ಕೊಲ್ಲಿಯಲ್ಲಿ ಗುಡ್ಡ ಕುಸಿದು ನೀರು ಎದುರು ದಡದಲ್ಲಿ 524 ಮೀಟರ್ ಎತ್ತರಕ್ಕೆ ಚಿಮ್ಮಿತ್ತು. ಅಂಕಿ ನಿಜವೇ. ಆದರೆ ಎತ್ತರಕ್ಕೆ ತಕ್ಕಂತೆ ಚುಕ್ಕೆ ಹಾಕಿದರೆ ಆ ಒಂದು ಚುಕ್ಕೆಯ ಮುಂದೆ ಉಳಿದ ಜಗತ್ತೆಲ್ಲ ಸಾಸಿವೆ ಕಾಳು.

ಎಲ್ಲ ಸಾಲುಗಳನ್ನೂ ಒಂದೇ ಸಮ ನಂಬುವಂತಿಲ್ಲ. ನೋವಾದವರು ಪ್ರತಿ ಘಟನೆಗೂ ಒಂದು ಅಂಕ ಕೊಟ್ಟಿದ್ದಾರೆ: 4 ಎಂದರೆ ಖಚಿತ, 3 ಎಂದರೆ ಬಹುಮಟ್ಟಿಗೆ ನಿಜ, 1 ಎಂದರೆ ತೀರಾ ಅನುಮಾನ. ನಾನು 3 ಮತ್ತು 4 ಇಟ್ಟುಕೊಳ್ಳುತ್ತೇನೆ. ಉಳಿದವನ್ನು ಅಳಿಸುವುದಿಲ್ಲ, ಫಿಲ್ಟರ್ ಹಾಕಿ ಮರೆ ಮಾಡುತ್ತೇನೆ. ಇವತ್ತು ಅನುಮಾನದಲ್ಲಿರುವುದಕ್ಕೆ ನಾಳೆ ಸಾಕ್ಷಿ ಸಿಗಬಹುದು.

ಸಿಕ್ಕಿದ್ದೂ ಉಂಟು. 1700ರ ಜನವರಿ ಕೊನೆಯಲ್ಲಿ ಜಪಾನಿನ ಕೆಲವು ಊರುಗಳಿಗೆ ಅಲೆ ನುಗ್ಗಿತು, ಅಲ್ಲಿನವರು ಬರೆದಿಟ್ಟರು. ಭೂಕಂಪದ ಸುದ್ದಿಯೇ ಇಲ್ಲ. ತಾಯಿಯಿಲ್ಲದ ಅಲೆ. ಸುಮಾರು ಮುನ್ನೂರು ವರ್ಷ ಕಳೆದು 1996ರಲ್ಲಿ ಜಪಾನಿನ ಭೂಕಂಪ ವಿಜ್ಞಾನಿ ಕೆಂಜಿ ಸಟಾಕೆ ಮತ್ತು ಸಂಗಡಿಗರು ಅದರ ತವರನ್ನು ಗುರುತಿಸಿದರು: ಪೆಸಿಫಿಕ್ ಸಾಗರದ ಆಚೆ ದಡ, ಉತ್ತರ ಅಮೆರಿಕದ ಕ್ಯಾಸ್ಕೇಡಿಯಾ. ಅಲ್ಲಿ ನೆಲ ಕುಸಿದು ಉಪ್ಪುನೀರಿಗೆ ಸಿಕ್ಕಿ ಒಣಗಿ ನಿಂತಿದ್ದ ದೇವದಾರು ಜಾತಿಯ ಮರಗಳ ಬೆಳವಣಿಗೆಯ ಉಂಗುರಗಳೂ ಅದೇ ಕಾಲವನ್ನು ತೋರಿಸಿದವು. ಆ ದಡದಲ್ಲೂ ಜನರಿದ್ದರು, ಅಲೆಯ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸಿದ್ದರು. ದಿನಾಂಕ ಹಾಕಿ ಕಾಗದದಲ್ಲಿ ಬರೆದವರು ಇರಲಿಲ್ಲ.

ಈ ಕಾರಣಕ್ಕೇ ಸಿದ್ಧವಾದ ನಕ್ಷೆಯಲ್ಲಿ ಜಪಾನ್ ಚುಕ್ಕೆಗಳಿಂದ ಕಿಕ್ಕಿರಿದಿರುವುದು. ಅಲ್ಲಿ ಸುನಾಮಿಗಳೂ ಹೆಚ್ಚು, ಬರೆಯುವ ಕೈಗಳೂ ಹೆಚ್ಚು. 684ನೇ ಇಸವಿಯ ಅಲೆಯೂ ಅವರ ಕಡತದಲ್ಲಿದೆ. ಅರಬ್ಬೀ ಸಮುದ್ರ ನೋಡಿದರೆ ಹೊಸದಾಗಿ ಸಾರಿಸಿದ ಅಂಗಳದ ಹಾಗೆ ಬಣಗುಟ್ಟುತ್ತದೆ. ಅದನ್ನು ತೋರಿಸಿದಾಗ ನನ್ನ ವಿದ್ಯಾರ್ಥಿಯೊಬ್ಬ, "ಸರ್, ಖಾಲಿ ಇರೋ ಕಡೆಯೆಲ್ಲ ಸೊನ್ನೆ ತುಂಬಿಬಿಡಲಾ? ಲೆಕ್ಕಕ್ಕೆ ಸಲೀಸು" ಎಂದ.

ಅವನಿಗೆ ತೋರಿಸಿದ್ದು 2004ರ ಎರಡು ಚುಕ್ಕೆ. ಅಂದು ಅಲೆ ಶ್ರೀಲಂಕಾವನ್ನು ಬಳಸಿಕೊಂಡು ಪಶ್ಚಿಮ ಕರಾವಳಿಗೂ ಬಂದಿತ್ತು. ಕೊಚ್ಚಿಯ ಬಂದರಿನಲ್ಲಿ ಉಬ್ಬರವಿಳಿತ ಅಳೆಯುವ ಯಂತ್ರ ಅದನ್ನು ಗುರುತು ಮಾಡಿತು, ಗೋವಾದ ಮರ್ಮಗೋವಾದಲ್ಲೂ ಮಾಡಿತು. ಇವೆರಡರ ನಡುವೆ ಇರುವುದು ನಮ್ಮ ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರ. ಕೊಚ್ಚಿಯಲ್ಲಿ ಕಾಣಿಸಿ ಮರ್ಮಗೋವಾದಲ್ಲೂ ಕಾಣಿಸಿದ ಅಲೆ ನಡುವಿನ ಊರುಗಳನ್ನು ಹಾರಿಕೊಂಡು ಹೋಯಿತೇನಪ್ಪಾ ಎಂದು ಕೇಳಿದೆ. ಹುಡುಗ ನಕ್ಕು, ಬೆರಳನ್ನು ಸೊನ್ನೆಯ ಕೀಲಿಯಿಂದ ತೆಗೆದ. ಆ ಕೋಣೆಗಳನ್ನು ಖಾಲಿಯಾಗಿಯೇ ಬಿಟ್ಟು ಫೈಲ್ ಉಳಿಸಿದೆವು.

ನಮಸ್ಕಾರ.