ಸಚಿವರ ಉತ್ತರವನ್ನು ಓದುವುದು ಹೇಗೆ? ಮುಂಬಯಿಯ ಕನ್ನಡ ಶಾಲೆಗಳು ಮತ್ತು ಸದನದ ಪ್ರಶ್ನೋತ್ತರ

[ದೃಶ್ಯ: ನಾರಿಮನ್ ಪಾಯಿಂಟ್‌ನ ವಿಧಾನ ಭವನ. ಪರದೆಯ ಮೇಲೆ ನಾಲ್ಕು ಭಾಗಗಳಿರುವ ಒಂದು ಪ್ರಶ್ನೆಯ ಹಾಳೆ.]

ನಿರೂಪಣೆ:

ನಮಸ್ಕಾರ. ವಿಧಾನಮಂಡಲದ ಅಧಿವೇಶನ ನಡೆಯುವ ದಿನಗಳಲ್ಲಿ, ಶಿಕ್ಷಣ ಸಚಿವರು ಸದನದಲ್ಲಿ ಏನು ಹೇಳಿದರೆಂಬುದು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಅವರಿಗೆ ಕೇಳಿದ ಪ್ರಶ್ನೆ ಯಾವ ಮಾತುಗಳಲ್ಲಿತ್ತು ಎಂಬುದು ಮಾತ್ರ ಅಪರೂಪಕ್ಕೆ ಬರುತ್ತದೆ. ಉತ್ತರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಬಹುಮಟ್ಟಿಗೆ ಆ ಪ್ರಶ್ನೆಯೇ ತೀರ್ಮಾನಿಸಿರುತ್ತದೆ. ಆದ್ದರಿಂದ ಇವತ್ತು ನಾವು ಪ್ರಶ್ನೆಯಿಂದಲೇ ಆರಂಭಿಸೋಣ.

ಪರದೆಯ ಮೇಲಿರುವುದು ನಾವು ಮಾದರಿಗಾಗಿ ಬರೆದುಕೊಂಡ ಪ್ರಶ್ನೆ. ಅದರ ರಚನೆ ಮಾತ್ರ ಮಹಾರಾಷ್ಟ್ರದ ಸದನದಲ್ಲಿ ದಿನನಿತ್ಯ ಬಳಕೆಯಲ್ಲಿರುವಂಥದ್ದೇ. ಒಂದು: ಮುಂಬಯಿಯ ಅನುದಾನಿತ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಮಂಜೂರಾದ ಗಣಿತ ಮತ್ತು ವಿಜ್ಞಾನ ಶಿಕ್ಷಕರ ಹುದ್ದೆಗಳು ಖಾಲಿ ಇವೆ ಎಂಬುದು ನಿಜವೇ? ಎರಡು: ನಿಜವಾಗಿದ್ದರೆ, ಈ ಬಗ್ಗೆ ಸರ್ಕಾರ ವಿಚಾರಣೆ ನಡೆಸಿದೆಯೇ? ಮೂರು: ನಡೆಸಿದ್ದರೆ, ಅದರಂತೆ ಯಾವ ಕ್ರಮ ಕೈಗೊಂಡಿದೆ ಅಥವಾ ಕೈಗೊಳ್ಳುತ್ತಿದೆ? ನಾಲ್ಕು: ಇಲ್ಲದಿದ್ದರೆ, ವಿಳಂಬಕ್ಕೆ ಕಾರಣಗಳೇನು?

[ದೃಶ್ಯ: ನಾಲ್ಕು ಭಾಗಗಳು ಒಂದೊಂದಾಗಿ ಬೆಳಗುತ್ತವೆ, ಮೊದಲನೆಯದು ಆರಿದಾಗ ಉಳಿದ ಮೂರೂ ಆರುತ್ತವೆ.]

ಈ ನಾಲ್ಕು ಭಾಗಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಬೆಸೆದುಕೊಂಡಿವೆ. ಮೊದಲನೆಯ ಭಾಗಕ್ಕೆ ಸಚಿವರು 'ಇದು ನಿಜವಲ್ಲ' ಎಂದು ಉತ್ತರಿಸಿದರೆ, ಉಳಿದ ಮೂರಕ್ಕೂ 'ಪ್ರಶ್ನೆ ಉದ್ಭವಿಸುವುದಿಲ್ಲ' ಎಂಬ ಒಂದೇ ಸಾಲು ಸಾಕಾಗುತ್ತದೆ. ಈಗ, ಇದೇ ದೂರನ್ನು ಹೊತ್ತ ಶಾಸಕರೊಬ್ಬರು ಸಿಟ್ಟಿನ ಭರದಲ್ಲಿ 'ಮುಂಬಯಿಯ ಎಲ್ಲ ಕನ್ನಡ ಶಾಲೆಗಳಲ್ಲೂ ಗಣಿತ ಶಿಕ್ಷಕರೇ ಇಲ್ಲ ಎಂಬುದು ನಿಜವೇ' ಎಂದು ಕೇಳಿದರು ಎಂದುಕೊಳ್ಳಿ. ಯಾವುದೋ ಒಂದು ಶಾಲೆಯಲ್ಲಿ ಒಬ್ಬ ಗಣಿತ ಶಿಕ್ಷಕರಿದ್ದರೂ ಸಚಿವರು 'ನಿಜವಲ್ಲ' ಎಂದು ಬರೆದುಕೊಡಬಹುದು. ಆ ಉತ್ತರದಲ್ಲಿ ಸುಳ್ಳೇನೂ ಇರುವುದಿಲ್ಲ, ಆದರೆ ಖಾಲಿ ಹುದ್ದೆಗಳ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ಒಂದೇ ಒಂದು 'ಎಲ್ಲ' ಸೇರಿದ್ದರಿಂದ, ಮಕ್ಕಳ ಒಂದು ವರ್ಷದ ಗಣಿತದ ಪಾಠಕ್ಕೆ ಸಂಬಂಧಿಸಿದ ಪ್ರಶ್ನೆ ಉತ್ತರವಿಲ್ಲದೆ ಹಿಂದಿರುಗುತ್ತದೆ.

'ಇದು ಭಾಗಶಃ ನಿಜ' ಎಂಬ ಉತ್ತರ ಬಂದಾಗ ಪತ್ರಿಕೆಗಳು ಅದನ್ನು ನುಣುಚಿಕೊಳ್ಳುವಿಕೆ ಎಂದು ಬರೆಯುವುದುಂಟು. ನಮ್ಮ ಅಭಿಪ್ರಾಯ ಬೇರೆ. ಆ ಉತ್ತರದ ಮೂಲಕ ಸರ್ಕಾರ ದೂರಿನ ಒಂದು ಪಾಲನ್ನು ಲಿಖಿತವಾಗಿ ಒಪ್ಪಿಕೊಂಡಿರುತ್ತದೆ. ಯಾವ ಪಾಲು ಎಂಬುದನ್ನು ಹೊರಗೆಳೆಯುವುದು ಮುಂದಿನ ಪ್ರಶ್ನೆಯ ಕೆಲಸ. ಹೆಚ್ಚು ಎಚ್ಚರ ಬೇಕಾಗಿರುವುದು 'ವಿಷಯ ಪರಿಶೀಲನೆಯಲ್ಲಿದೆ' ಎಂಬ ಉತ್ತರದ ವಿಚಾರದಲ್ಲಿ, ಏಕೆಂದರೆ ಅದರಲ್ಲಿ ದಿನಾಂಕವೂ ಇರುವುದಿಲ್ಲ, ಪರಿಶೀಲಿಸುತ್ತಿರುವ ಅಧಿಕಾರಿ ಯಾವ ಹಂತದವರೆಂಬುದೂ ಇರುವುದಿಲ್ಲ.

[ದೃಶ್ಯ: ಪ್ರಶ್ನೆಯ ಸಂಖ್ಯೆಯ ಪಕ್ಕದಲ್ಲಿ ಒಂದು ಚುಕ್ಕೆ ಮೂಡುತ್ತದೆ.]

ಇಲ್ಲಿಯೇ ಚುಕ್ಕೆ ಗುರುತಿನ ಮಹತ್ವವಿದೆ. ಮರಾಠಿಯಲ್ಲಿ 'ತಾರಾಂಕಿತ' ಎಂದು ಕರೆಯುವ ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಸದಸ್ಯರು ಉಪಪ್ರಶ್ನೆಗಳನ್ನು ಕೇಳಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಬರುತ್ತದೆ. ಉಪಪ್ರಶ್ನೆಗೆ ಅಲ್ಲಿ ಅವಕಾಶವಿಲ್ಲ. ಲೋಕಸಭೆಯಲ್ಲಿ ಒಂದು ದಿನದ ಪಟ್ಟಿಗೆ 20 ಚುಕ್ಕೆ ಗುರುತಿನ ಪ್ರಶ್ನೆಗಳು ಮತ್ತು 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಸೇರುತ್ತವೆ. ಆ ಇಪ್ಪತ್ತರಲ್ಲೂ ಬಾಯಿಮಾತಿನ ಉತ್ತರದವರೆಗೆ ತಲುಪುವುದು ಕೆಲವು ಮಾತ್ರ. ಲಿಖಿತ ಉತ್ತರವನ್ನು ಇಲಾಖೆಯ ಅಧಿಕಾರಿಗಳು ಕುಳಿತು ಸಿದ್ಧಪಡಿಸುತ್ತಾರೆ. ಉಪಪ್ರಶ್ನೆಗೆ ಉತ್ತರಿಸುವಾಗಲಾದರೋ ಸಚಿವರು ವಿಷಯವನ್ನು ಸ್ವತಃ ತಿಳಿದಿರಬೇಕಾಗುತ್ತದೆ, ಮತ್ತು ಅವರು ತಿಳಿದಿಲ್ಲವೆಂಬುದೂ ಅಲ್ಲಿಯೇ ಎಲ್ಲರೆದುರು ಗೊತ್ತಾಗುತ್ತದೆ. ಕೋವಿಡ್ ಕಾಲದಲ್ಲಿ, 2020ರ ಸೆಪ್ಟೆಂಬರ್‌ನಲ್ಲಿ, ಸಂಸತ್ತಿನ ಅಧಿವೇಶನವು ಪ್ರಶ್ನೋತ್ತರ ಅವಧಿಯಿಲ್ಲದೆ, ಬರೀ ಲಿಖಿತ ಉತ್ತರಗಳೊಡನೆ ನಡೆದಾಗ ವಿರೋಧ ಪಕ್ಷಗಳು ಅಷ್ಟು ತೀವ್ರವಾಗಿ ಆಕ್ಷೇಪಿಸಿದ್ದು ಈ ಕಾರಣಕ್ಕೇ.

ಬೆನ್ನು ಬಿಡದೆ ಕೇಳಿದ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮುಂಬಯಿಗೇ ಸಂಬಂಧಿಸಿದ ಹಳೆಯ ಉದಾಹರಣೆಯೊಂದಿದೆ. ಈ ನಗರದಲ್ಲಿ ಕೇಂದ್ರ ಕಚೇರಿಯಿರುವ ಜೀವ ವಿಮಾ ನಿಗಮ 1957ರಲ್ಲಿ ಹರಿದಾಸ್ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರುಗಳಲ್ಲಿ ಒಂದು ಕೋಟಿ ರೂಪಾಯಿಗೂ ಹೆಚ್ಚು ಹಣ ತೊಡಗಿಸಿತು. ಅದರ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂದಿತು. ಸಿಕ್ಕ ಉತ್ತರ ಸಾಲದೆ ಸಂಸದ ಫಿರೋಜ್ ಗಾಂಧಿಯವರು ವಿಷಯವನ್ನು ಮತ್ತೆ ಎತ್ತಿದರು. ಕೊನೆಗೆ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗಲಾ ಅವರು ಇದೇ ಊರಿನಲ್ಲಿ ಸಾರ್ವಜನಿಕವಾಗಿ ವಿಚಾರಣೆ ನಡೆಸಿದರು, ಮತ್ತು 1958ರಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿಯವರು ರಾಜೀನಾಮೆ ಕೊಟ್ಟರು.

[ದೃಶ್ಯ: ಆಯವ್ಯಯ ಪುಸ್ತಕದ ಒಂದು ಪುಟ, ಅಡ್ಡಲಾಗಿ ನಾಲ್ಕು ಅಂಕಣಗಳು.]

ಇನ್ನು ಹಣದ ವಿಷಯ. 'ಶಿಕ್ಷಣಕ್ಕೆ ಇಷ್ಟು ಸಾವಿರ ಕೋಟಿ ಕೊಟ್ಟಿದ್ದೇವೆ' ಎಂದು ಸಚಿವರು ಹೇಳಿದಾಗ ಆ ಸಂಖ್ಯೆ ಯಾವ ಅಂಕಣದ್ದು ಎಂದು ಕೇಳಬೇಕು. ಆಯವ್ಯಯ ಪುಸ್ತಕದ ಪುಟವನ್ನು ಹತ್ತಿರದಿಂದ ನೋಡಿ. 2025-26ರ ಪುಸ್ತಕವಾದರೆ, ಅದರಲ್ಲಿ 2023-24ರಲ್ಲಿ ವಾಸ್ತವವಾಗಿ ಖರ್ಚಾದದ್ದು, 2024-25ಕ್ಕೆ ಮೊದಲು ಅಂದಾಜು ಮಾಡಿದ್ದು, ಅದೇ ವರ್ಷದ ಪರಿಷ್ಕೃತ ಅಂದಾಜು, ಕೊನೆಯಲ್ಲಿ 2025-26ರ ಅಂದಾಜು, ಹೀಗೆ ನಾಲ್ಕು ಮೊತ್ತಗಳು ಒಂದೇ ಸಾಲಿನಲ್ಲಿರುತ್ತವೆ. ಭಾಷಣಗಳಲ್ಲಿ ಕೇಳಿಬರುವುದು ಸಾಮಾನ್ಯವಾಗಿ ನಾಲ್ಕನೆಯದು. ಶಾಲೆಗೆ ತಲುಪಿದ ಹಣದ ಸುಳಿವು ಇರುವುದು ಮೊದಲನೆಯದರಲ್ಲಿ. ಅದು ಪುಸ್ತಕದಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಆ ತರಗತಿಯ ಮಕ್ಕಳು ಮುಂದಿನ ತರಗತಿಗೆ ಹೋಗಿಯಾಗಿರುತ್ತದೆ. ಈ ತಡವನ್ನು ಸ್ವಲ್ಪಮಟ್ಟಿಗೆ ತುಂಬಿಕೊಡುವುದು ಮಹಾರಾಷ್ಟ್ರ ಸರ್ಕಾರದ 'ಬೀಮ್ಸ್' ಎಂಬ ಜಾಲತಾಣ. ಇಲಾಖೆಗೆ ಹಂಚಿಕೆಯಾದ ಹಣವೆಷ್ಟು, ಅದರಲ್ಲಿ ಖರ್ಚಾದದ್ದೆಷ್ಟು ಎಂಬುದನ್ನು ವರ್ಷದ ನಡುವೆಯೇ ಅಲ್ಲಿ ನೋಡಬಹುದು.

ಆಯವ್ಯಯ ಪುಸ್ತಕದಲ್ಲಿ ಒಂದು ಬಗೆಯ ಖರ್ಚನ್ನು ಗುರುತಿಸುವ ಸಂಖ್ಯೆಯುಳ್ಳ ತಲೆಬರಹವೇ ಲೆಕ್ಕ ಶೀರ್ಷಿಕೆ; ಸಾಮಾನ್ಯ ಶಿಕ್ಷಣದ ಶೀರ್ಷಿಕೆಯ ಸಂಖ್ಯೆ 2202. ಅದರೊಳಗೆ 01 ಎಂದರೆ ಪ್ರಾಥಮಿಕ, 02 ಪ್ರೌಢ, 03 ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ. ದೇಶದ ಎಲ್ಲ ರಾಜ್ಯಗಳಲ್ಲೂ ಈ ಸಂಖ್ಯೆ ಒಂದೇ ಆಗಿರುವುದರಿಂದ, ಊರಿನ ನಂಟು ಬಿಡದ ನಮ್ಮ ಪ್ರೇಕ್ಷಕರು ಕರ್ನಾಟಕದ ಆಯವ್ಯಯದಲ್ಲೂ ಇದನ್ನೇ ಹುಡುಕಬಹುದು. ಈ ಶೀರ್ಷಿಕೆಯ ಬಹುಪಾಲು ಹಣ ಶಿಕ್ಷಕರ ವೇತನಕ್ಕೆ ಹೋಗುತ್ತದೆ. ಅದನ್ನು ಯಾರೂ ತಪ್ಪೆನ್ನಬಾರದು, ಶಿಕ್ಷಕರಿಲ್ಲದೆ ಶಾಲೆ ಇಲ್ಲ. ಆದರೆ ಒಟ್ಟು ಮೊತ್ತ ಏರಿದೆ ಎಂದಾಗ, ಅದು ಹೊಸ ಹುದ್ದೆಗಳಿಂದ ಏರಿದ್ದೋ, ಇದ್ದವರ ತುಟ್ಟಿಭತ್ಯೆಯಿಂದ ಏರಿದ್ದೋ ಎಂದು ಕೇಳುವ ಹಕ್ಕು ನಮಗಿದೆ. ಕೊಠಾರಿ ಆಯೋಗದ ಕಾಲದಿಂದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯವರೆಗೆ ಹೇಳುತ್ತಲೇ ಬಂದಿರುವ 'ರಾಷ್ಟ್ರೀಯ ಆದಾಯದ ಶೇಕಡಾ 6' ಎಂಬ ಗುರಿಯೂ ಒಟ್ಟು ಮೊತ್ತದ ಮಾತೇ. ಹಣ ಯಾವ ಶಾಲೆಯ ಬಾಗಿಲಿಗೆ ಹೋಯಿತೆಂದು ಅದು ಹೇಳುವುದಿಲ್ಲ.

[ದೃಶ್ಯ: ಮುಂಬಯಿಯ ನಕ್ಷೆ; ನಂತರ ಅಕ್ಕಲಕೋಟೆ ಮತ್ತು ಜತ್ತ ತಾಲ್ಲೂಕುಗಳು.]

ಕನ್ನಡ ಪೋಷಕರು ಹೆಚ್ಚಾಗಿ ಎಡವುವುದು ಯಾರನ್ನು ಕೇಳಬೇಕು ಎಂಬಲ್ಲಿ. ಮಹಾರಾಷ್ಟ್ರದ ಕನ್ನಡ ಶಾಲೆಗಳೆಲ್ಲ ಒಂದೇ ಸೂರಿನ ಕೆಳಗಿಲ್ಲ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗ್ಲಿ ಜಿಲ್ಲೆಯ ಜತ್ತ ಮೊದಲಾದ ಕಡೆ ಕನ್ನಡ ಪ್ರಾಥಮಿಕ ಶಾಲೆಗಳು ಜಿಲ್ಲಾ ಪರಿಷತ್ತಿನವು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಮುಂಬಯಿಯ ಕನ್ನಡ ಸಂಸ್ಥೆಗಳು ಕಟ್ಟಿದ ರಾತ್ರಿ ಶಾಲೆಗಳಿಗೂ ಹಗಲಿನ ಪ್ರೌಢಶಾಲೆಗಳಿಗೂ ಅನುದಾನದ ಸಂಬಂಧವಿರುವುದು ರಾಜ್ಯದ ಶಾಲಾ ಶಿಕ್ಷಣ ಇಲಾಖೆಯೊಡನೆ. ಪಠ್ಯಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. 1967ರಲ್ಲಿ ಆರಂಭವಾದ ಈ ಸಂಸ್ಥೆ ಕನ್ನಡದಲ್ಲೂ ಪುಸ್ತಕ ಅಚ್ಚುಹಾಕುತ್ತದೆ. ಮುಂಬಯಿ ಮಹಾನಗರಪಾಲಿಕೆಯಾದರೋ ಕನ್ನಡವೂ ಸೇರಿದಂತೆ ಎಂಟು ಮಾಧ್ಯಮಗಳಲ್ಲಿ ತನ್ನದೇ ಶಾಲೆಗಳನ್ನು ನಡೆಸುತ್ತದೆ, ಅದಕ್ಕಾಗಿ ಪ್ರತ್ಯೇಕ ಶಿಕ್ಷಣ ಆಯವ್ಯಯವನ್ನೇ ಮಂಡಿಸುತ್ತದೆ. 2024-25ರಲ್ಲಿ ಅದರ ಮೊತ್ತ ಸುಮಾರು 3,500 ಕೋಟಿ ರೂಪಾಯಿ.

ಹೀಗಿರುವಾಗ ಪಾಲಿಕೆಯ ಶಾಲೆಯ ಬಗ್ಗೆ ಶಾಲಾ ಶಿಕ್ಷಣ ಸಚಿವರನ್ನು ಕೇಳಿದರೆ, ಅದು ಪಾಲಿಕೆಯ ವಿಷಯ ಎಂಬ ಉತ್ತರ ಬಂದೀತು. ಪಾಲಿಕೆಯ ಆಡಳಿತದ ಕುರಿತ ಪ್ರಶ್ನೆ ವಿಧಾನಸಭೆಯಲ್ಲಿ ನಗರಾಭಿವೃದ್ಧಿ ಇಲಾಖೆಗೆ ಹೋಗಬೇಕು; ಅದಕ್ಕಿಂತ ಮೊದಲು ಪಾಲಿಕೆಯ ಶಿಕ್ಷಣ ಸಮಿತಿಯಲ್ಲಿ ನಗರಸೇವಕರು ಕೇಳಬೇಕು. 2022ರ ಮಾರ್ಚ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಮೂರು ವರ್ಷಕ್ಕೂ ಮಿಕ್ಕಿ ಇಲ್ಲಿ ಚುನಾಯಿತ ನಗರಸೇವಕರೇ ಇರಲಿಲ್ಲ. ಆಡಳಿತಾಧಿಕಾರಿಯೇ ಆಯವ್ಯಯ ಮಂಡಿಸಿ ಅವರೇ ಮಂಜೂರು ಮಾಡುತ್ತಿದ್ದ ಆ ವರ್ಷಗಳಲ್ಲಿ, ಹಣ ಕಡಿಮೆಯಾಯಿತೋ ಇಲ್ಲವೋ, ಕೇಳುವವರ ಕುರ್ಚಿಯಂತೂ ಖಾಲಿಯಿತ್ತು. ಇದು ಸಣ್ಣ ನಷ್ಟವಲ್ಲ. ಪಾಲಿಕೆ ತನ್ನ ಶಾಲೆಯ ಮಕ್ಕಳಿಗೆ ಪಾಟೀಚೀಲ, ಸಮವಸ್ತ್ರ, ಬೂಟು ಸೇರಿದಂತೆ 27 ಬಗೆಯ ಸಾಮಗ್ರಿಗಳನ್ನು ಉಚಿತವಾಗಿ ಕೊಡುತ್ತದೆ. ಬೂಟಿಗೆ ಹಣ ಇಟ್ಟಿದ್ದೀರಾ ಎಂದು ಕೇಳಿದರೆ ಉತ್ತರ 'ಹೌದು'. ಜೂನ್‌ನಲ್ಲಿ ತೆರೆದ ಶಾಲೆಯ ಮಗುವಿಗೆ ಬೂಟು ಯಾವ ತಿಂಗಳಲ್ಲಿ ಸಿಕ್ಕಿತು, ಅಳತೆಗೆ ಸರಿಯಾಗಿತ್ತೇ ಎಂಬುದು, ವಾರ್ಡಿನ ಶಾಲೆಗೆ ಹೋಗಿ ನೋಡಿದವರು ಮಾತ್ರ ಕೇಳಬಹುದಾದ ಪ್ರಶ್ನೆ.

ಶಿಕ್ಷಣದ ಹೊರಗಿನ ಸೇವೆಗಳ ವಿಷಯದಲ್ಲಿ ದಾರಿ ಸ್ವಲ್ಪ ನೇರವಾಗಿದೆ. ಮಹಾರಾಷ್ಟ್ರದ ಲೋಕಸೇವಾ ಹಕ್ಕು ಕಾಯ್ದೆ 2015ರಿಂದ ಜಾರಿಯಲ್ಲಿದ್ದು, ಅಧಿಸೂಚಿತ ಸೇವೆಗಳಿಗೆ ಗಡುವನ್ನು ನಿಗದಿಪಡಿಸಬೇಕೆಂದೂ, ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ 500ರಿಂದ 5,000 ರೂಪಾಯಿವರೆಗೆ ದಂಡ ವಿಧಿಸಬಹುದೆಂದೂ ಹೇಳುತ್ತದೆ. ಸಚಿವರನ್ನು ಕೇಳಬೇಕಾದದ್ದು ಎಷ್ಟು ಅರ್ಜಿಗಳು ವಿಲೇವಾರಿಯಾದವು ಎಂದಲ್ಲ, ಏಕೆಂದರೆ ತಿರಸ್ಕರಿಸಿದ್ದೂ ವಿಲೇವಾರಿಯೇ. ತಿರಸ್ಕೃತವಾದವು ಎಷ್ಟು, ಅವುಗಳಲ್ಲಿ ಮೇಲ್ಮನವಿಯಲ್ಲಿ ಮಂಜೂರಾದವು ಎಷ್ಟು, ದಂಡ ಎಷ್ಟು ಜನರಿಗೆ ಬಿತ್ತು ಎಂದು ಕೇಳಬೇಕು.

[ದೃಶ್ಯ: ಸಂವಿಧಾನದ ಪುಟ, 350-ಎ ವಿಧಿಯ ಸಾಲು.]

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇನ್ನೊಂದು ಆಧಾರವಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350-ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಎನ್ನುತ್ತದೆ. 'ಸ್ಥಳೀಯ ಸಂಸ್ಥೆಯೂ' ಎಂದಿರುವುದರಿಂದ ಪಾಲಿಕೆಗೂ ಜಿಲ್ಲಾ ಪರಿಷತ್ತಿಗೂ ಇದು ಅನ್ವಯಿಸುತ್ತದೆ. ಕನ್ನಡ ತರಗತಿಯಲ್ಲಿ ಮಕ್ಕಳು ಕಡಿಮೆಯಾದರೆಂದು ಹುದ್ದೆ ಕಡಿತ ಮಾಡುವ ಮಾತು ಬಂದಾಗ, ಮಕ್ಕಳು ಕಡಿಮೆಯಾದದ್ದು ಶಿಕ್ಷಕರಿಲ್ಲದ ವರ್ಷಗಳ ನಂತರವೋ ಮೊದಲೋ ಎಂಬ ಲೆಕ್ಕವನ್ನು ವರ್ಷವಾರು ಕೇಳಿ ಪಡೆಯಬೇಕು. ಪೋಷಕರನ್ನು ದೂರುವ ಮೊದಲು ಆ ಲೆಕ್ಕ ಎಲ್ಲರ ಮುಂದಿರಲಿ ಎಂಬುದು ನಮ್ಮ ಆಗ್ರಹ.

ಸದನದಲ್ಲಿ ಸಚಿವರು 'ಮಾಡುತ್ತೇವೆ' ಎಂದು ಕೊಟ್ಟ ಮಾತೂ ದಾಖಲೆಯಾಗುತ್ತದೆ. ಆ ಭರವಸೆಗಳನ್ನು ಬೆನ್ನುಹತ್ತಲೆಂದೇ ಸಮಿತಿಗಳಿವೆ. ಸಂಸತ್ತಿನಲ್ಲಿ ಭರವಸೆ ಈಡೇರಿಸಲು ಇರುವ ಅವಧಿ ಮೂರು ತಿಂಗಳು. ಪತ್ರಿಕೆಯ ಸುದ್ದಿಯನ್ನು ಕತ್ತರಿಸಿ ಇಡುವವರು ದಿನಾಂಕವನ್ನೂ ಪ್ರಶ್ನೆಯ ಸಂಖ್ಯೆಯನ್ನೂ ಅದರ ಮೇಲೆ ಬರೆದಿಟ್ಟುಕೊಂಡರೆ, ಶಾಸಕರು ಅದೇ ಮಾತನ್ನು ಮುಂದಿನ ಅಧಿವೇಶನದಲ್ಲಿ ಎತ್ತಲು ಸುಲಭವಾಗುತ್ತದೆ.

[ದೃಶ್ಯ: ವಿಧಾನ ಪರಿಷತ್ತಿನ ಸಭಾಂಗಣದ ರೇಖಾಚಿತ್ರ.]

ಯಾವ ಶಾಸಕರು ಎಂದು ಕೇಳುವಿರಿ. 288 ಸದಸ್ಯರ ವಿಧಾನಸಭೆಯಲ್ಲಿ ನಿಮ್ಮ ಕ್ಷೇತ್ರದ ಶಾಸಕರು ಇದ್ದೇ ಇದ್ದಾರೆ. ಆದರೆ 78 ಸದಸ್ಯರ ವಿಧಾನ ಪರಿಷತ್ತಿನಲ್ಲಿ ಏಳು ಪದವೀಧರ ಕ್ಷೇತ್ರಗಳೂ ಏಳು ಶಿಕ್ಷಕರ ಕ್ಷೇತ್ರಗಳೂ ಇರುವುದನ್ನು ನಮ್ಮವರು ಬಳಸಿಕೊಂಡದ್ದು ಕಡಿಮೆ. ಮುಂಬಯಿಗೆ ಎರಡೂ ಇವೆ. ಕಾಯಂ ವಾಸವಿದ್ದು ಪದವಿ ಪಡೆದು ಮೂರು ವರ್ಷವಾದ ಯಾರೂ, ಯಾವ ಮಾತೃಭಾಷೆಯವರಾದರೂ, ಪದವೀಧರ ಕ್ಷೇತ್ರದ ಮತದಾರರಾಗಬಹುದು. ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಹಂತದಲ್ಲಿ, ಹಿಂದಿನ ಆರು ವರ್ಷಗಳೊಳಗೆ ಒಟ್ಟು ಮೂರು ವರ್ಷ ಕಲಿಸಿದವರು ಶಿಕ್ಷಕರ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿಯೂ ಇರುತ್ತದೆ ಎಂದು ತಿಳಿಯಬೇಡಿ: ಈ ಎರಡು ಪಟ್ಟಿಗಳನ್ನು ಪ್ರತಿ ಚುನಾವಣೆಗೂ ಹೊಸದಾಗಿ ತಯಾರಿಸುತ್ತಾರೆ, ಹಿಂದಿನ ಸಲ ಹೆಸರಿದ್ದವರೂ ಮತ್ತೆ ಅರ್ಜಿ ಸಲ್ಲಿಸಬೇಕು. ಪದವೀಧರರಿಗೆ 18ನೇ ನಮೂನೆ, ಶಿಕ್ಷಕರಿಗೆ 19ನೇ ನಮೂನೆ.